ಎರಕದ ಕಲ್ಲಿನಲ್ಲಿ ಉಳಿದ ದೋಷ

ಮನುಷ್ಯನು ತನ್ನ ಕೈಯಿಂದ ಮಾಡಿದ ವಸ್ತುವಿನಲ್ಲಿ ದೋಷವೊಂದು ಉಳಿದುಬಿಟ್ಟರೆ ಅದನ್ನು ಮುಚ್ಚಬೇಕೆ, ಇದ್ದಂತೆಯೇ ಬಿಡಬೇಕೆ? ಈ ಪ್ರಶ್ನೆಯು ಕುಶಲಕರ್ಮಿಗಳಿಗೆ ಮಾತ್ರ ಸೇರಿದ್ದೆಂದು ನಾನು ಬಹುಕಾಲ ತಿಳಿದಿದ್ದೆನು. ಕಳೆದ ವರ್ಷ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದ ಸಣ್ಣ ಸಂಗತಿಯೊಂದು ಆ ತಿಳಿವಳಿಕೆಯನ್ನು ಅಲ್ಲಾಡಿಸಿತು. ಸಂಗತಿಯನ್ನು ಮೊದಲು ಹೇಳಿ, ಅದು ನನ್ನನ್ನು ಎಲ್ಲೆಲ್ಲಿಗೆ ಒಯ್ದಿತೆಂಬುದನ್ನು ಆಮೇಲೆ ವಾಚಕರ ಮುಂದಿಡುವೆನು.

ಆ ಹಳ್ಳಿಯ ತರುಣನೊಬ್ಬನು ಹತ್ತು ಹನ್ನೆರಡು ವರ್ಷ ಬೆಂಗಳೂರು, ಗೋವೆಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಊರಿಗೆ ಮರಳಿದ್ದನು. ಕಾಂಕ್ರೀಟು ಸುರಿಯುವುದಕ್ಕೆ ಹಲಗೆ, ತಗಡು, ಕಂಬಗಳಿಂದ ಅಚ್ಚನ್ನು ಕಟ್ಟಿಕೊಡುವುದೇ ಈ ಕೆಲಸ. ಸುರಿದದ್ದು ಗಟ್ಟಿಯಾದ ಮೇಲೆ ಅಚ್ಚನ್ನು ಕಿತ್ತು ಬೇರೆಡೆಗೆ ಒಯ್ಯುತ್ತಾರಾದ್ದರಿಂದ, ಮಾಡಿದವನ ಶ್ರಮವು ಯಾರ ಕಣ್ಣಿಗೂ ಉಳಿಯುವುದಿಲ್ಲ. ಅವನ ತಾಯಿಯೂ ಅವೇ ಕಟ್ಟಡಗಳಲ್ಲಿ ಬುಟ್ಟಿ ಹೊತ್ತವಳು. ಊರ ಶಾಲೆಯ ಅಂಗಳದಲ್ಲಿ ಏನಾದರೊಂದು ಮೂರ್ತಿಯನ್ನು ನಿಲ್ಲಿಸಬೇಕೆಂದು ಹಿರಿಯರು ಯೋಚಿಸುತ್ತಿದ್ದಾಗ ಈತನು ತಾನಾಗಿ ಮುಂದೆ ಬಂದನು. ಅದಕ್ಕೆ ಮುಂಚೆ ಅವನು ಶಿಲ್ಪವೆಂಬುದನ್ನು ಮಾಡಿದವನಲ್ಲ. ಬುಟ್ಟಿ ಹೊತ್ತು ನಿಂತ ಹೆಂಗಸಿನ ಆಳೆತ್ತರದ ಆಕೃತಿಗೆ ಮರದ ಪಟ್ಟಿಗಳಿಂದಲೇ ಅಚ್ಚು ಕಟ್ಟಿ, ಒಳಗೆ ಕಬ್ಬಿಣದ ಸಳಿ ನಿಲ್ಲಿಸಿ, ಒಂದೇ ದಿನದಲ್ಲಿ ಕಾಂಕ್ರೀಟು ತುಂಬಿದನು. ಅಚ್ಚು ಬಿಚ್ಚಿದಾಗ ಆಕೃತಿಯು ನಾವೆಲ್ಲ ಎಣಿಸಿದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಆದರೆ ಎಡಹೆಗಲಿನ ಮೇಲೆ ಗೇಣಗಲದಷ್ಟು ಭಾಗದಲ್ಲಿ ಸಿಮೆಂಟಿನ ಗಾರೆ ಇಳಿಯದೆ ಕಡಿಗಲ್ಲುಗಳು ಬರಿದಾಗಿ, ಜೇನುಹುಟ್ಟಿನ ಹಾಗೆ ತೂತುತೂತಾಗಿ ಕಾಣುತ್ತಿದ್ದವು.

ಹಿರಿಯರು ತಡಮಾಡಲಿಲ್ಲ. ಮೈಯೆಲ್ಲ ಗಿಲಾಯಿ ಮಾಡಿ, ಸೀರೆಗೆ ಹಸಿರು, ಮೈಗೆ ಗೋಧಿಯ ಬಣ್ಣ ಬಳಿಸಿಬಿಡೋಣವೆಂದರು. ಹಿಂದೆ ಆ ಶಾಲೆಯಲ್ಲಿ ಪಾಠ ಹೇಳಿದವನೆಂದು ನನ್ನನ್ನೂ ಕರೆಸಿದ್ದರು. ನಾನು ಬಣ್ಣ ಬೇಡವೆಂದೆನು. ಹೆಗಲಿನ ಒರಟನ್ನೂ ಮುಚ್ಚಬೇಡಿರೆಂದೆನು. ಹೊರೆ ಹೊತ್ತ ಹೆಗಲು ಹಾಗೆ ಸವೆದು ಕಾಣುವುದೇ ಆ ಮೂರ್ತಿಯ ಸತ್ಯವೆಂದು, ಪುಸ್ತಕ ಓದಿದವರಿಗೆ ಸುಲಭವಾಗಿ ಬರುವ ಮಾತುಗಳನ್ನು ಹತ್ತು ನಿಮಿಷ ಆಡಿದೆನು. ಲೋಕಪ್ರಸಿದ್ಧನಾದ ಶಿಲ್ಪಿಯೊಬ್ಬನು ಹೀಗೆಯೇ ಮಾಡಿದನೆಂದು ದೃಷ್ಟಾಂತವನ್ನೂ ಕೊಟ್ಟೆನು. ತರುಣನು ಆ ದಿನ ಏನನ್ನೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅವನ ಮೌನವೇ ನನ್ನನ್ನು ಕಾಡಿತು. ನಾನು ಹೊಗಳಿದ್ದು ಅವನ ಕೆಲಸವನ್ನೋ, ಅವನ ತಪ್ಪನ್ನೋ?

ಇದನ್ನು ವಿಚಾರಿಸುವುದಕ್ಕೆ ಎರಕವೆಂದರೇನೆಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ನಮ್ಮ ಸೀಮೆಯಲ್ಲಿ ರೂಪವನ್ನು ಹೊರತರುವ ಎರಡು ಪ್ರಾಚೀನ ಮಾರ್ಗಗಳು ಇಂದಿಗೂ ಕಣ್ಣೆದುರಿಗಿವೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಕಂಡವರು ಮೊದಲನೆಯ ಮಾರ್ಗವನ್ನು ಬಲ್ಲರು. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಆ ಗುಡಿಯಲ್ಲಿ, ಬಳಪದ ಕಲ್ಲನ್ನು ಕಂಡರಿಸಿ ಕಂಡರಿಸಿ ಬೇಡವಾದದ್ದನ್ನು ತೆಗೆದಿದ್ದಾರೆ. ಅಲ್ಲಿ ಉಳಿ ಒಂದು ಕೂದಲಿನಷ್ಟು ಜಾರಿದರೂ ಹೋದ ಕಲ್ಲು ಮರಳಿ ಬಾರದು. ಆದರೆ ಜಾರುವ ಮುಂಚೆ ನಿಲ್ಲುವುದಕ್ಕೆ ಶಿಲ್ಪಿಗೆ ಪ್ರತಿಯೊಂದು ಏಟಿನ ನಡುವೆಯೂ ಅವಕಾಶವುಂಟು. ಎರಡನೆಯ ಮಾರ್ಗವು ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರದು. ಅವರು ಹಗುರವಾದ ಮರದ ಮೇಲೆ ಗೋಣಿಯ ಚೂರು, ಹುಣಸೆಬೀಜದ ಅಂಟು ಮುಂತಾದವುಗಳಿಂದ ಮಾಡಿದ ಕಿಟ್ಟವನ್ನು ಹಚ್ಚಿ, ಒಡವೆಯ ಉಬ್ಬನ್ನು ಎಳೆ ಎಳೆಯಾಗಿ ಏರಿಸಿ, ಮೇಲೆ ಬಣ್ಣ ಕೊಡುತ್ತಾರೆ. ಅಲ್ಲಿ ತಪ್ಪಿದ್ದನ್ನು ತೆಗೆದು ಮತ್ತೆ ಹಚ್ಚಬಹುದು.

ಎರಕವು ಇವೆರಡೂ ಅಲ್ಲ. ತೆಗೆಯುವುದೂ ಇಲ್ಲ, ಹಚ್ಚುವುದೂ ಇಲ್ಲ. ಬರಿದಾದ ಒಂದು ಜಾಗವನ್ನು ಕಟ್ಟಿ, ಅದರೊಳಗೆ ಹರಿಯುವ ವಸ್ತುವನ್ನು ಸುರಿದು, ಕಾಯುವುದು. ಗೌರಿಹುಣ್ಣಿಮೆಗೆ ಸಕ್ಕರೆ ಗೊಂಬೆಗಳನ್ನು ಮಾಡುವುದನ್ನು ನಮ್ಮ ಕಡೆಯ ಯಾವ ಮನೆಯ ಹೆಣ್ಣುಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಕೆತ್ತಿದ ಮರದ ಅಚ್ಚುಗಳನ್ನು ಜೋಡಿಸಿ ದಾರದಿಂದ ಬಿಗಿದು, ಕಾಸಿದ ಸಕ್ಕರೆಯನ್ನು ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ತೇರು, ನಂದಿ. ಅಚ್ಚಿನಲ್ಲಿ ತಗ್ಗಾದದ್ದು ಗೊಂಬೆಯಲ್ಲಿ ಉಬ್ಬು. ಅಲ್ಲಿ ಎಡವಾದದ್ದು ಇಲ್ಲಿ ಬಲ. ಆನೆಯ ಸೊಂಡಿಲು ಮುರಿದು ಬಂದರೆ ತಾಯಿಯು ನಕ್ಕು ಅದನ್ನು ಮತ್ತೆ ಪಾತ್ರೆಗೆ ಹಾಕಿ ಕರಗಿಸುವಳು. ಸಕ್ಕರೆಯು ಕ್ಷಮಿಸುತ್ತದೆ. ಕಾಂಕ್ರೀಟಿಗೆ ಆ ಗುಣವಿಲ್ಲ. ನೀರು ಬೆರೆತ ಕೆಲವು ಗಂಟೆಗಳಲ್ಲಿ ಅದು ಬಿಗಿದುಕೊಳ್ಳುತ್ತದೆ, ೨೮ ದಿನಗಳಲ್ಲಿ ತನ್ನ ಬಲದ ಬಹುಭಾಗವನ್ನು ಪಡೆಯುತ್ತದೆ, ಮತ್ತೆ ಹಿಂದಿರುಗುವುದೇ ಇಲ್ಲ. ಆದ್ದರಿಂದ ಇಲ್ಲಿ ಕರ್ತೃವಿನ ವಿವೇಕವೆಲ್ಲ ಸುರಿಯುವ ಮುಂಚೆಯೇ ಮುಗಿಯಬೇಕು. ಅಚ್ಚು ಬಿಚ್ಚುವಾಗ ಅವನು ಬರಿಯ ಸಾಕ್ಷಿ; ತಾನು ಎಚ್ಚರವಾಗಿದ್ದದ್ದೂ ಮರೆತದ್ದೂ ಎರಡೂ ಒಂದೇ ಸಲ ಹೊರಗೆ ಬಂದು ನಿಲ್ಲುವುದನ್ನು ನೋಡಬೇಕಾದವನು.

ನಾನು ಹಳ್ಳಿಯಲ್ಲಿ ಉದಾಹರಿಸಿದ ಶಿಲ್ಪಿಯೆಂದರೆ ಲ ಕಾರ್ಬೂಸಿಯೆ. ೧೮೮೭ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿ ಗಡಿಯಾರದ ಡಬ್ಬಿಗಳ ಮೇಲೆ ಚಿತ್ರ ಕೊರೆಯುವುದನ್ನು ಕಲಿತವನು. ಮುಂದೆ ವಾಸ್ತುಶಿಲ್ಪಿಯೆಂದು ಜಗತ್ತಿಗೆ ಪರಿಚಿತನಾದರೂ ಬೆಳಗಿನ ಹೊತ್ತನ್ನು ಚಿತ್ರ ಬರೆಯುವುದಕ್ಕೆ ಮೀಸಲಿಟ್ಟಿದ್ದವನು. ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ೧೯೪೭ರಿಂದ ೧೯೫೨ರವರೆಗೆ ದೊಡ್ಡದೊಂದು ವಸತಿಗೃಹವನ್ನು ಕಟ್ಟಿಸಿದನು. ಕೆಲಸವು ಹಲವು ಗುತ್ತಿಗೆದಾರರ ಕೈಯಲ್ಲಿ ಹಂಚಿಹೋಗಿತ್ತು. ಅಚ್ಚು ಬಿಚ್ಚಿದಾಗ ಕಾಂಕ್ರೀಟಿನ ಮೈ ಒಂದೊಂದು ಕಡೆ ಒಂದೊಂದು ಬಗೆಯಾಗಿ, ಒರಟಾಗಿ, ಸೀಳುಸೀಳಾಗಿ ಬಂದಿತ್ತು. ಗಿಲಾಯಿ ಮಾಡಿ ಮುಚ್ಚುವುದಕ್ಕೆ ಹಣವೂ ಕಾಲವೂ ಇರಲಿಲ್ಲ. ಆಗ ಅವನು ಮುಚ್ಚಬೇಕಾಗಿಯೂ ಇಲ್ಲವೆಂದು ನಿರ್ಧರಿಸಿದನು. ಮನುಷ್ಯರ ಮುಖದ ಸುಕ್ಕುಗಳನ್ನೂ ಮಚ್ಚೆಗಳನ್ನೂ ನಾವು ಒಪ್ಪಿಕೊಂಡಿಲ್ಲವೆ, ಕಟ್ಟಡದ ಮೈಯಲ್ಲಿ ಮಾತ್ರ ಅವನ್ನು ಏಕೆ ಒಪ್ಪಬಾರದು ಎಂಬ ಅರ್ಥದ ಮಾತನ್ನಾಡಿದನು. ಅಚ್ಚಿನಿಂದ ಬಂದಂತೆಯೇ ಬಿಟ್ಟ ಆ ಹಸಿ ಕಾಂಕ್ರೀಟೇ ಮುಂದೆ ಒಂದು ಶೈಲಿಯಾಗಿ ದೇಶದೇಶಗಳಿಗೆ ಹಬ್ಬಿತು. ಅದೇ ಗೃಹದ ಗೋಡೆಯಲ್ಲಿ, ಕೈಯೆತ್ತಿ ನಿಂತ ಮನುಷ್ಯನ ಆಕೃತಿಯನ್ನು ಎರಕದಲ್ಲಿಯೇ ಮೂಡಿಸಿದನು.

೧೯೫೧ರಲ್ಲಿ ಅವನು ಚಂಡೀಗಢಕ್ಕೆ ಬಂದ ಮೇಲೆ ಈ ಪ್ರಯೋಗವು ಇನ್ನೂ ಬೆಳೆಯಿತು. ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯನ್ನು ಕಟ್ಟುತ್ತಿದ್ದ ಕಾಲವದು. ಅವನು ಸೂರ್ಯ, ಮೀನು, ಹಾವು, ಎತ್ತು, ಎಲೆ, ಚಕ್ರ ಇವೇ ಮೊದಲಾದ ಚಿಹ್ನೆಗಳನ್ನು ಬರೆದುಕೊಟ್ಟನು. ಮರದಲ್ಲಿ ಅವುಗಳ ರೂಪಗಳನ್ನು ಕೊರೆದು ಅಚ್ಚಿನ ಹಲಗೆಯ ಒಳಮೈಗೆ ಹೊಡೆದು ನಿಲ್ಲಿಸಿದರು. ಕಾಂಕ್ರೀಟು ಸುರಿದು ಹಲಗೆ ತೆಗೆದಾಗ ಗೋಡೆಯಲ್ಲಿ ಆ ಚಿಹ್ನೆಗಳು ತಗ್ಗಾಗಿ ಉಳಿದವು. ಸಕ್ಕರೆ ಗೊಂಬೆಯ ವಿದ್ಯೆಯೇ. ಅಳತೆ ಮಾತ್ರ ಬೇರೆ. ಗೋಡೆಯನ್ನು ಕಟ್ಟಿ ಆಮೇಲೆ ಶಿಲ್ಪವನ್ನು ಅಂಟಿಸಿದುದಲ್ಲ. ಗೋಡೆಯೂ ಶಿಲ್ಪವೂ ಒಂದೇ ಗಳಿಗೆಯಲ್ಲಿ ಹುಟ್ಟಿದುವು. ಇದರಲ್ಲಿ ಕಲೆಗಾರನೂ ವಾಸ್ತುಶಿಲ್ಪಿಯೂ ಬೇರೆಯಾಗಿ ಉಳಿಯಲಿಲ್ಲವೆಂಬುದನ್ನು ಒಪ್ಪಲೇಬೇಕು. ಉಚ್ಚನ್ಯಾಯಾಲಯವು ೧೯೫೫ರಲ್ಲಿಯೂ ವಿಧಾನಸಭೆಯು ೧೯೬೨ರಲ್ಲಿಯೂ ಮುಗಿದುವು. ೨೦೧೬ರಲ್ಲಿ ಆ ರಾಜಧಾನಿ ಸಂಕೀರ್ಣವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟು ದೊಡ್ಡವನ ದೃಷ್ಟಾಂತವಿರುವಾಗ ನಮ್ಮ ಹಳ್ಳಿಯ ಮೂರ್ತಿಯ ಹೆಗಲಿನ ವಿಷಯದಲ್ಲಿ ನನಗೇಕೆ ಸಂದೇಹ ಬಂದಿತು? ವಿಚಾರಿಸುತ್ತ ಹೋದಂತೆ, ಆ ದೃಷ್ಟಾಂತದೊಳಗೇ ಒಂದು ಮುಳ್ಳಿರುವುದು ಕಂಡಿತು. ಮಾರ್ಸೇಲ್ಸಿನ ದೋಷಗಳು ಲ ಕಾರ್ಬೂಸಿಯೆಯ ಕೈಯವಲ್ಲ. ಹಲಗೆಯ ಸಂದನ್ನು ಬಿಗಿಯದೆ ಬಿಟ್ಟವನು ಯಾರೋ ಬಡಿಗನು. ನೀರನ್ನು ಹೆಚ್ಚಾಗಿ ಹೊಯ್ದವನು ಯಾರೋ ಕೂಲಿಯವನು. ಚಂಡೀಗಢದಲ್ಲಂತೂ ಕಾಂಕ್ರೀಟು ಬಹುಮಟ್ಟಿಗೆ ಹೆಂಗಸರ, ಗಂಡಸರ ತಲೆಯ ಮೇಲಿನ ಬುಟ್ಟಿಗಳಲ್ಲಿಯೇ ಏರಿತು. ಒಂದು ದೃಷ್ಟಿಯಿಂದ ನೋಡಿದರೆ, ಅವರ ತಪ್ಪನ್ನು ಎತ್ತಿ ಆಡದೆ, ಮತ್ತೆ ಮಾಡಿರೆಂದು ದಂಡಿಸದೆ, ತನ್ನ ಹೆಸರಿನ ಕೆಳಗೆ ಅದನ್ನು ಸೇರಿಸಿಕೊಂಡದ್ದು ಔದಾರ್ಯವೇ ಸರಿ. ಮಗುವಿನ ತಪ್ಪನ್ನು ತಂದೆ ತನ್ನದೆಂದು ಹೇಳಿಕೊಂಡ ಹಾಗೆ. ಇನ್ನೊಂದು ದೃಷ್ಟಿಯಿಂದ, ದೋಷವು ಯಾರದೋ ಆಗಿ, ಆ ದೋಷವನ್ನು ಸೌಂದರ್ಯವೆಂದು ಕರೆದ ಕೀರ್ತಿಯು ಮಾತ್ರ ಅವನದಾಯಿತು. ಆ ಬಡಿಗನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು, ‘ಅಯ್ಯಾ, ಅದನ್ನು ಮಾತ್ರ ತೋರಿಸಬೇಡ’ ಎನ್ನುತ್ತಿದ್ದನೋ ಏನೋ.

ಹೆಸರಿನ ಮಾತು ಬಂದದ್ದರಿಂದ ಇಲ್ಲಿ ಒಂದು ಸಣ್ಣ ಅಡ್ಡಮಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಹೆಸರು ಬರೆದವನು ಹೊಗಳಿಕೆಯನ್ನು ಬಯಸಿದನೆಂದು ನಾವು ಹೇಳುತ್ತೇವೆ. ಆದರೆ ನಿಂದೆಗೂ ಅವನು ಆಗಲೇ ವಿಳಾಸವನ್ನು ಕೊಟ್ಟಿದ್ದಾನೆಂಬುದನ್ನು ಮರೆಯುತ್ತೇವೆ. ಲ ಕಾರ್ಬೂಸಿಯೆಯೂ ಈ ನ್ಯಾಯವನ್ನು ಅರಿಯದವನೇನಲ್ಲ. ಅವನ ಚಿತ್ರಗಳನ್ನನುಸರಿಸಿ ಮರದಲ್ಲಿ ಶಿಲ್ಪಗಳನ್ನು ಕೆತ್ತಿದ ಬ್ರಿಟನಿ ಪ್ರಾಂತದ ಬಡಿಗ ಜೋಸೆಫ್ ಸವೀನಾನ ಹೆಸರು ಆ ಶಿಲ್ಪಗಳೊಡನೆ ಇಂದಿಗೂ ಜೊತೆಯಾಗಿಯೇ ನಡೆಯುತ್ತದೆ. ಒಬ್ಬ ಬಡಿಗನಿಗೆ ಸಲ್ಲುವುದು ಸಾವಿರ ಜನ ಬಡಿಗರಿಗೆ ಸಲ್ಲುವುದು ಕಷ್ಟವೆಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನವು ಪೂರ್ತಿಯಾಗಿ ಹಿಡಿಸುವುದಿಲ್ಲ.

ತನ್ನ ಕೈಯ ಒರಟನ್ನು ತಾನೇ ಬಿಟ್ಟವನ ಮಾತು ಬೇರೆ. ಶಾಂತಿನಿಕೇತನದಲ್ಲಿ ರಾಮಕಿಂಕರ ಬೈಜನು ೧೯೩೮ರಲ್ಲಿ ಮಾಡಿದ ಸಂತಾಲ ಕುಟುಂಬದ ಶಿಲ್ಪವು ಸಿಮೆಂಟು ಮತ್ತು ಕೆಂಪು ಮುರಕಲ್ಲಿನ ಹರಳುಗಳದು. ಅದು ಅಚ್ಚಿನ ಎರಕವಲ್ಲ. ಕಬ್ಬಿಣದ ಹಂದರದ ಮೇಲೆ ಹಸಿ ಕಾಂಕ್ರೀಟನ್ನು ಕೈಯಿಂದಲೇ ಎಸೆದು ಕಟ್ಟಿದ್ದು. ಹೊಟ್ಟೆಪಾಡಿಗಾಗಿ ಮಕ್ಕಳು, ನಾಯಿ, ಗಂಟುಮೂಟೆಗಳೊಡನೆ ನಡೆದುಹೋಗುವವರನ್ನು ಅವನು ರಸ್ತೆಯ ಕಲ್ಲಿನಿಂದಲೇ ಮಾಡಿದನು. ಅದರ ಒರಟಿಗೆ ಅವನೇ ಹೊಣೆ. ಆದ್ದರಿಂದ ಅದನ್ನು ಚೆಲುವೆಂದು ಕರೆಯುವಾಗ ನಮ್ಮ ನಾಲಿಗೆ ತಡವರಿಸುವುದಿಲ್ಲ.

ಮುಚ್ಚುವ ಪಕ್ಷದವರಿಗೂ ಅವರ ವಾದವುಂಟು, ಅದನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಹಂಪೆಯ ಗೋಪುರಗಳ ಮೇಲಿನ ಗಾರೆಯ ಬೊಂಬೆಗಳೆಲ್ಲ ಇಟ್ಟಿಗೆಯನ್ನು ಮುಚ್ಚಿಯೇ ಹುಟ್ಟಿದವಲ್ಲವೆ? ಮುರ್ಡೇಶ್ವರದಲ್ಲಿ ಕಡಲಿಗೆ ಬೆನ್ನುಕೊಟ್ಟು ಕುಳಿತ ೧೨೩ ಅಡಿಯ ಶಿವನೂ ಕಾಂಕ್ರೀಟಿನ ಮೇಲೆ ಬಣ್ಣ ಹೊದ್ದವನೇ. ಇವೆಲ್ಲಕ್ಕಿಂತ ಹತ್ತಿರದ್ದು ಹಾವೇರಿ ಜಿಲ್ಲೆಯ ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್. ೨೦೨೦ರಲ್ಲಿ ದಿವಂಗತರಾದ ಕಲಾವಿದ ಟಿ. ಬಿ. ಸೊಲಬಕ್ಕನವರು ಅಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದರು. ಮೂರ್ತಿಗಳನ್ನು ಮಾತ್ರವಲ್ಲ, ಅವು ಬಾಳುವ ಮನೆ, ಅಂಗಳ, ಓಣಿಗಳನ್ನೂ ಅವರೇ ಯೋಜಿಸಿದರೆಂಬುದರಿಂದ ಅವರನ್ನೂ ಕಲೆಗಾರ-ವಾಸ್ತುಶಿಲ್ಪಿಗಳ ಸಾಲಿಗೇ ಸೇರಿಸಬೇಕು. ಬಯಲಾಟದ ಬಣ್ಣವನ್ನು ಬಲ್ಲ ಅವರು ಸಿಮೆಂಟನ್ನು ಸಿಮೆಂಟಾಗಿ ಉಳಿಯಗೊಡಲಿಲ್ಲ. ಸೀರೆಯ ಅಂಚು, ರುಮಾಲಿನ ಸುತ್ತು, ಎತ್ತಿನ ಮೈಯ ಹೊಳಪು ಎಲ್ಲವನ್ನೂ ಬಣ್ಣದಲ್ಲಿ ಕೊಟ್ಟರು. ನಾನು ಅಲ್ಲಿಗೆ ಹೋದಾಗ ಮುದುಕಿಯೊಬ್ಬಳು ಬೀಸುವ ಹೆಂಗಸಿನ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತು, ಬೀಸುವ ಕಲ್ಲಿನ ಗೂಟವನ್ನು ಹಿಡಿದ ಕೈ ಸರಿಯಾಗಿದೆಯೆಂದು ತನ್ನ ಮೊಮ್ಮಗಳಿಗೆ ತೋರಿಸುತ್ತಿದ್ದಳು. ಕಾಂಕ್ರೀಟಿನ ಸತ್ಯವೇ ಮುಖ್ಯವೆಂದು ಅವಳೊಡನೆ ವಾದಿಸುವ ಧೈರ್ಯ ನನಗಿರಲಿಲ್ಲ. ಅಲ್ಲಿ ಬಣ್ಣವು ತಪ್ಪನ್ನು ಮುಚ್ಚುವುದಕ್ಕೆ ಬಂದುದಲ್ಲ. ಮಾಡಬೇಕೆಂದು ಮೊದಲೇ ಎಣಿಸಿದ ರೂಪದ ಅಂಗವಾಗಿಯೇ ಬಂದುದು. ಕಿನ್ನಾಳದ ಗೊಂಬೆಗೆ ಬಣ್ಣವು ಹೇಗೋ ಹಾಗೆ.

ಆದರೆ ನಮ್ಮ ಹಿರಿಯರು ಬಳಿಸಹೊರಟ ಬಣ್ಣವು ಆ ಜಾತಿಯದಲ್ಲ. ಅದು ಅಚ್ಚು ಬಿಚ್ಚಿದ ಮೇಲೆ ಹುಟ್ಟಿದ ಆಲೋಚನೆ, ನಾಚಿಕೆಯಿಂದ ಹುಟ್ಟಿದ್ದು. ಹಾಗೆ ನೋಡಿದರೆ ನಾನು ಬಿಡಿರೆಂದದ್ದೂ ಅಚ್ಚು ಬಿಚ್ಚಿದ ಮೇಲೆ ಹುಟ್ಟಿದ ಆಲೋಚನೆಯೇ. ಅದು ಜಂಬದಿಂದ ಹುಟ್ಟಿದ್ದು. ಇಬ್ಬರೂ ಮಾಡಿದವನನ್ನು ಕೇಳಲಿಲ್ಲ.

ಎಂಟು ದಿನಗಳ ಮೇಲೆ ನಾನು ಮತ್ತೆ ಆ ಹಳ್ಳಿಗೆ ಹೋದೆನು. ತರುಣನು ಶಾಲೆಯ ಕಟ್ಟೆಯ ಮೇಲೆ ಕುಳಿತು ಉಳಿಯನ್ನು ಮಸೆಯುತ್ತಿದ್ದನು. ಅವನ ಅಭಿಪ್ರಾಯವೇನೆಂದು ಆಗ ಕೇಳಿದೆನು. ಅವನು ಎದ್ದು ನಿಂತು, ಮೂರ್ತಿಯ ಸೀರೆಯ ನೆರಿಗೆಗಳ ಮೇಲೆ ಬೆರಳಾಡಿಸಿದನು. ಅಲ್ಲಿ ಹಲಗೆಯ ನಾರು, ಗಂಟು, ಮೊಳೆಯ ತಲೆ ಸಹ ಕಾಂಕ್ರೀಟಿನಲ್ಲಿ ಸ್ಪಷ್ಟವಾಗಿ ಮೂಡಿದ್ದವು. ‘ಈ ಹಲಗೀ ಗುರುತು ಇರಲಿರಿ ಸರ, ನಾನs ನೋಡಿ ನೋಡಿ ಆರಿಸಿದ ಹಲಗಿರಿ ಇವು. ಬಣ್ಣ ಹಚ್ಚಿದ್ರ ಇವು ಹೊಕ್ಕಾವು. ಹೆಗಲಂದು ಹಂಗಲ್ಲರಿ. ಅವತ್ತ ಮಳಿ ಬಂದೀತಂತ ಅವಸರ ಮಾಡಿದ್ನಿ, ಸಳಿ ಹಾಕಿ ಸರಿಯಾಗಿ ಚುಚ್ಚಲಿಲ್ಲ. ಅದು ನನ್ನ ತಪ್ಪರಿ. ನೀವು ಚೆಂದ ಐತಿ ಅಂದ್ರಿ, ನನಗ ಹೆಂಗ ಹೇಳ್ಬೇಕಂತ ತಿಳೀಲಿಲ್ಲ.’ ಸ್ವಲ್ಪ ತಡೆದು, ‘ಆ ತೂತಿನಾಗ ನೀರು ಹೊಕ್ಕರ ಒಳಗಿನ ಸಳಿ ಜಂಗು ಹಿಡೀತೈತ್ರಿ. ಜಂಗು ಹಿಡಿದ್ರ ಉಬ್ಬತೈತಿ. ಹತ್ತು ವರ್ಷಕ್ಕ ಕೈನs ಬೀಳತೈತಿ, ಕೆಳಗ ಹುಡುಗ್ರು ಆಡ್ತಾವು’ ಎಂದನು.

ಗುರುತೂ ದೋಷವೂ ಬೇರೆ ಬೇರೆಯೆಂಬ ವಿವೇಚನೆಯು ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ದೂರದಿಂದ ನೋಡುವ ರಸಿಕನ ಕಣ್ಣಿಗೆ ಹಲಗೆಯ ನಾರೂ ಜೇನುಹುಟ್ಟಿನ ತೂತೂ ಒಂದೇ ಬಗೆಯ ಒರಟು. ಹತ್ತಿರದಲ್ಲಿದ್ದವನಿಗೆ ಒಂದು ತನ್ನ ಆಯ್ಕೆ, ಇನ್ನೊಂದು ತನ್ನ ಅಜಾಗರೂಕತೆ. ಮೇಲಾಗಿ, ಅವನು ಹೇಳಿದ ಜಂಗಿನ ಮಾತು ಅಕ್ಷರಶಃ ನಿಜ. ಕಾಂಕ್ರೀಟಿನ ಕ್ಷಾರಗುಣವು ಒಳಗಿನ ಉಕ್ಕನ್ನು ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಉಕ್ಕಿನ ಮೇಲೆ ಒಂದೆರಡು ಅಂಗುಲ ದಪ್ಪದ ಗಟ್ಟಿ ಹೊದಿಕೆ ಇರುವವರೆಗೆ ಮಾತ್ರ ಆ ಕಾಪು. ಹೊದಿಕೆ ಸಡಿಲವಾದಲ್ಲಿ ಗಾಳಿಯೂ ತೇವವೂ ಒಳಹೊಕ್ಕು, ಕಬ್ಬಿಣವು ತುಕ್ಕಾಗಿ ತನ್ನ ಮೊದಲಿನ ಗಾತ್ರಕ್ಕಿಂತ ಹಲವು ಪಟ್ಟು ಹಿಗ್ಗಿ, ತನ್ನನ್ನು ಕಾಯುತ್ತಿದ್ದ ಕಾಂಕ್ರೀಟನ್ನೇ ಒಡೆಯುತ್ತದೆ. ಹಿರಿಯರ ಬಣ್ಣವು ಆ ತೂತನ್ನು ಕಣ್ಣಿಗೆ ಮರೆಮಾಡುತ್ತಿತ್ತು, ನೀರಿಗೆ ಮರೆಮಾಡುತ್ತಿರಲಿಲ್ಲ. ನನ್ನ ಸೌಂದರ್ಯಮೀಮಾಂಸೆಯು ಎರಡಕ್ಕೂ ತೆರೆದೇ ಇಡುತ್ತಿತ್ತು.

ಲ ಕಾರ್ಬೂಸಿಯೆಯ ಮೇಲೆ ನಾನು ತೀರ್ಪು ಕೊಡಹೊರಟಿಲ್ಲ. ಅವನು ಬಿಟ್ಟ ಒರಟಿನಲ್ಲಿ ಬಹುಪಾಲು ಗುರುತೇ ಆಗಿರಬಹುದು, ದೋಷವು ಅಲ್ಪವಾಗಿರಬಹುದು. ಅದನ್ನು ಬೇರ್ಪಡಿಸಿ ಹೇಳಬಲ್ಲವರು ಆ ಬಡಿಗರೇ, ಅವರು ಈಗ ಇಲ್ಲ. ನಮ್ಮವನು ಇದ್ದನು, ಎದುರಿಗೇ ಇದ್ದನು. ಅವನಿದ್ದಾಗಲೂ ನಾನು ಪುಸ್ತಕವನ್ನೇ ಕೇಳಿದೆನೆಂಬುದು ನನಗೆ ಈಗಲೂ ಮುಜುಗರವನ್ನುಂಟುಮಾಡುವ ಸಂಗತಿ.

ಅವನು ಎರಡು ದಿನ ಹೆಗಲಿನ ಸಡಿಲ ಕಡಿಗಳನ್ನೆಲ್ಲ ಉಳಿಯಿಂದ ಬಿಡಿಸಿ, ಸಳಿಯನ್ನು ತಿಕ್ಕಿ, ತೊಳೆದು, ಸಣ್ಣ ಕಡಿಯ ಗಟ್ಟಿ ಕಲಬೆರಕೆಯನ್ನು ಒತ್ತಿ ಒತ್ತಿ ತುಂಬಿದನು. ಮೇಲೆ ಹಸಿ ಗೋಣಿಯನ್ನು ಹೊದಿಸಿ ಹದಿನೈದು ದಿನ ಆರದಂತೆ ನೋಡಿಕೊಳ್ಳಬೇಕೆಂದು ಹೇಳಿ, ತಾನು ಗಂಗಾವತಿಯ ಕಡೆ ಬೇರೆ ಕೆಲಸಕ್ಕೆ ಹೋದನು. ಬೆಳಿಗ್ಗೆಯೂ ಸಂಜೆಯೂ ಗೋಣಿಗೆ ನೀರು ಹಾಕಿದವಳು ಅವನ ತಾಯಿ. ತುಂಬಿದ ಭಾಗವು ಉಳಿದ ಮೈಗಿಂತ ಕಪ್ಪಾಗಿ, ಯಾರು ನೋಡಿದರೂ ಗೊತ್ತಾಗುವಂತಿದೆ. ಬಣ್ಣವನ್ನು ಹೊಂದಿಸುವುದಕ್ಕೆ ಅವನು ಪ್ರಯತ್ನಿಸಲಿಲ್ಲ, ಹೊಂದಿಸಬೇಡವೆಂದು ನಾನೂ ಹೇಳಲಿಲ್ಲ. ಹಸಿರು ಸೀರೆಯ ಮಾತು ಹಿರಿಯರಲ್ಲಿ ಇನ್ನೂ ಮುಗಿದಿಲ್ಲ. ಅವನು ಗೌರಿಹುಣ್ಣಿಮೆಗೆ ಊರಿಗೆ ಬರುತ್ತಾನೆ, ಅಲ್ಲಿಯವರೆಗೆ ತಡೆಯಿರೆಂದು ಅವರನ್ನು ಕೇಳಿಕೊಂಡಿದ್ದೇನೆ.